ಗದ್ದೆಯ ಬದುವಿನಿಂದ ಗಾಜಿನ ತೊಟ್ಟಿಗೆ: ಗಂಗಾವತಿಯ ಜಲಸಸ್ಯಗಳ ಬೆಳವಣಿಗೆಯ ಟಿಪ್ಪಣಿ

ಆಗಸ್ಟ್

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಮುಗಿದ ಮೇಲೆ ಗಂಗಾವತಿ, ಕಾರಟಗಿ ಕಡೆಯ ಗದ್ದೆಗಳ ಬದುವಿನಲ್ಲಿ ಕಳೆಯೆಂದು ಕಿತ್ತು ಹಾಕಿದ ಗಿಡಗಳ ರಾಶಿ ಕಾಣುತ್ತದೆ. ಅಕ್ವೇರಿಯಂ ಅಂಗಡಿಗಳಿಂದ ಹಣ ಕೊಟ್ಟು ತರಿಸುವ ಎಷ್ಟೋ ಜಲಸಸ್ಯಗಳ ಹತ್ತಿರದ ಬಂಧುಗಳು ಈ ರಾಶಿಯಲ್ಲಿಯೇ ಇರುತ್ತವೆ. ಈ ಹಂಗಾಮಿನ ಕೆಲಸಕ್ಕೆ ನಾನು ಇಟ್ಟುಕೊಂಡ ನಿಯಮ ಒಂದೇ: ಗಿಡವನ್ನು ಹೂಬಿಡುವವರೆಗೆ ಬೆಳೆಸಬೇಕು, ಹೂವನ್ನೋ ಕಾಯಿಯನ್ನೋ ಭೂತಗನ್ನಡಿಯಲ್ಲಿ ನೋಡಿದ ನಂತರವೇ ಹೆಸರಿನ ಚೀಟಿ ಅಂಟಿಸಬೇಕು. ಇಂಥ ಗಿಡಗಳಲ್ಲಿ ನೀರಿನೊಳಗೆ ಮೂಡಿದ ಎಲೆಗೂ ನೀರಿನ ಮೇಲೆ ಮೂಡಿದ ಎಲೆಗೂ ಅಜಗಜಾಂತರವಿರುವುದರಿಂದ, ಎಲೆಯನ್ನಷ್ಟೇ ನೋಡಿ ಕೊಟ್ಟ ಹೆಸರು ಬಹಳ ಕಾಲ ನಿಲ್ಲುವುದಿಲ್ಲ.

ಗಿಡಗಳನ್ನು ರೈತರನ್ನು ಕೇಳಿಯೇ ತರುತ್ತೇನೆ; ಕಳೆನಾಶಕ ಸಿಂಪಡಿಸಿದ ಗದ್ದೆಯ ಗಿಡಗಳನ್ನು ಮುಟ್ಟುವುದಿಲ್ಲ. ತಂದವುಗಳನ್ನು ಪಟಕದ ನೀರಿನಲ್ಲಿ ಅದ್ದಿ, ಬಸವನಹುಳುವಿನ ಮೊಟ್ಟೆಗಳನ್ನು ಒರೆಸಿ ತೆಗೆದು, ಮೀನಿಲ್ಲದ ಮಣ್ಣಿನ ಬಾನಿಯಲ್ಲಿ ಕೆಲವು ವಾರ ಇರಿಸಿದ ಮೇಲೆಯೇ ತೊಟ್ಟಿಗೆ ಸೇರಿಸುತ್ತೇನೆ. ತೊಟ್ಟಿಯ ತಳಕ್ಕೆ ಇಲ್ಲಿಯ ಎರೆಮಣ್ಣನ್ನೇ ಬಳಸಿದ್ದೇನೆ. ಅದರಲ್ಲಿರುವ ಸುಣ್ಣದ ಹರಳುಗಳನ್ನು ಜರಡಿ ಹಿಡಿದು ತೆಗೆದು, ಮೇಲೆ ತೊಳೆದ ಮರಳನ್ನು ದಪ್ಪವಾಗಿ ಹಾಸದಿದ್ದರೆ ನೀರು ತಿಳಿಯಾಗುವುದೇ ಇಲ್ಲ.

ಸೆಪ್ಟೆಂಬರ್

ನಮ್ಮ ಬೋರ್‌ವೆಲ್ ನೀರು ಗಡಸು. ಬಿಸಿ ಮಾಡಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಈ ಭಾಗದ ಎಲ್ಲ ಮನೆಗಳಲ್ಲೂ ನೋಡಬಹುದು. ಇಂಥ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಕಡಿಮೆ; ಗಿಡಕ್ಕೆ ಬೇಕಾದ ಇಂಗಾಲ ಹೆಚ್ಚಾಗಿ ಬೈಕಾರ್ಬನೇಟ್ ರೂಪದಲ್ಲಿರುತ್ತದೆ. ಆದ್ದರಿಂದ ಬೈಕಾರ್ಬನೇಟನ್ನು ಬಳಸಿಕೊಳ್ಳಬಲ್ಲ ಗಿಡಗಳು ಮಾತ್ರ ಸಿಲಿಂಡರ್‌ನಿಂದ ಇಂಗಾಲದ ಡೈಆಕ್ಸೈಡ್ ಹಾಯಿಸದೆಯೂ ಹುಲುಸಾಗಿ ಬೆಳೆಯುತ್ತವೆ. ಹೈಡ್ರಿಲ್ಲಾ ವರ್ಟಿಸಿಲ್ಲಾಟಾ ಅಂಥದ್ದು. ಅದು ಎಲೆಯ ಕೆಳಬದಿಯಿಂದ ಬೈಕಾರ್ಬನೇಟನ್ನು ಎಳೆದುಕೊಂಡು, ಮೇಲ್ಬದಿಯ ನೀರನ್ನು ಕ್ಷಾರೀಯವಾಗಿಸುವುದರಿಂದ ಅಲ್ಲಿ ಸುಣ್ಣ ಕಟ್ಟುತ್ತದೆ. ಹಳೆಯ ಎಲೆಗಳನ್ನು ಬೆರಳಲ್ಲಿ ಉಜ್ಜಿದರೆ ಆ ತರಿತರಿ ತಿಳಿಯುತ್ತದೆ. ಅಂಗಡಿಯಿಂದ ಬರುವ ಎಜೀರಿಯಾ ಡೆನ್ಸಾದೊಂದಿಗೆ ಇದನ್ನು ಕಲಸಿಕೊಳ್ಳುವವರು ಎಲೆಯ ಬೆನ್ನಿನ ನಡುನರವನ್ನು ನೋಡಬೇಕು: ಹೈಡ್ರಿಲ್ಲಾದಲ್ಲಿ ಅದರ ಮೇಲೆ ಸಣ್ಣ ಮುಳ್ಳುಗಳಿರುತ್ತವೆ, ಎಲೆಯಂಚಿನ ಹಲ್ಲುಗಳೂ ಬರಿಗಣ್ಣಿಗೆ ಕಾಣುತ್ತವೆ, ಎಜೀರಿಯಾದ ಎಲೆ ನುಣುಪು.

ಅಕ್ಟೋಬರ್

ಈ ತಿಂಗಳ ಬಹುಪಾಲು ಸಮಯ ರೋಟಾಲಾ ಮತ್ತು ಅಮ್ಮಾನಿಯಾ ಗಿಡಗಳಿಗೆ ಹೋಯಿತು. ಎರಡೂ ಗೋರಂಟಿಯ ಕುಟುಂಬದವು, ಎರಡೂ ಗದ್ದೆಯ ಕಳೆಗಳು, ಎರಡಕ್ಕೂ ಕೆಂಪು ಛಾಯೆಯ ದಂಟು. ಬಾನಿಯಲ್ಲಿ ನೀರನ್ನು ಬೆರಳುದ್ದಕ್ಕೆ ಇಳಿಸಿ, ಗಿಡಗಳು ನೀರಿನಿಂದ ಮೇಲೆ ಬಂದು ಹೂಬಿಡುವಂತೆ ಮಾಡಿದೆ. ಅಮ್ಮಾನಿಯಾ ಬಾಕ್ಸಿಫೆರಾ ಎಲೆಯ ಕಂಕುಳಲ್ಲಿ ಗೊಂಚಲು ಗೊಂಚಲಾಗಿ ಹೂಬಿಟ್ಟಿತು. ರೋಟಾಲಾ ಇಂಡಿಕಾದಲ್ಲಿ ಒಂದೊಂದು ಕಂಕುಳಲ್ಲಿ ಒಂದೊಂದೇ ಹೂ. ಆದರೂ ನಾನು ನೆಚ್ಚುವ ಲಕ್ಷಣ ಕಾಯಿಯದು. ಸಾಸಿವೆಗಿಂತ ಚಿಕ್ಕದಾದ ರೋಟಾಲಾದ ಕಾಯಿಯನ್ನು ಬೆಳಕಿಗೆ ಹಿಡಿದು ಬಲವಾದ ಭೂತಗನ್ನಡಿಯಲ್ಲಿ ನೋಡಿದರೆ, ಅದರ ಗೋಡೆಯ ಮೇಲೆ ಒತ್ತೊತ್ತಾಗಿ ಅಡ್ಡ ಗೆರೆಗಳು ಕಾಣುತ್ತವೆ, ಬಲಿತಾಗ ಅದು ನೀಟಾದ ಹೋಳುಗಳಾಗಿ ಬಿಚ್ಚಿಕೊಳ್ಳುತ್ತದೆ. ಅಮ್ಮಾನಿಯಾದ ಕಾಯಿಗೆ ಆ ಗೆರೆಗಳಿಲ್ಲ, ಅದು ಅಡ್ಡಾದಿಡ್ಡಿಯಾಗಿ ಒಡೆಯುತ್ತದೆ. ಭಾರತದ ಜಲಸಸ್ಯಗಳ ಬಗ್ಗೆ ಸಿ.ಡಿ.ಕೆ. ಕುಕ್ 1996ರಲ್ಲಿ ಪ್ರಕಟಿಸಿದ ಗ್ರಂಥವೇ ಇಂಥ ಗುರುತಿಸುವಿಕೆಗೆ ಇಂದಿಗೂ ನನ್ನ ಮುಖ್ಯ ಆಧಾರ.

ವ್ಯಾಪಾರದಲ್ಲಿ ರೋಟಾಲಾ ಇಂಡಿಕಾ ಎಂಬ ಹೆಸರಿನಲ್ಲಿ ಬಹುಕಾಲ ಮಾರಾಟವಾದದ್ದು ರೋಟಾಲಾ ರೊಟುಂಡಿಫೋಲಿಯಾ. ಅದರ ಗುಲಾಬಿ ಹೂಗಳು ದಂಟಿನ ತುದಿಯಲ್ಲಿ ತೆನೆಯಾಗಿ ಬರುತ್ತವೆ. ಹೂವಿಗಾಗಿ ಕಾಯದವರಿಗೆ ಈ ವ್ಯತ್ಯಾಸ ಎಂದಿಗೂ ತಿಳಿಯದು. ಹೂಬಿಡುವವರೆಗೆ ಕಾಯಬೇಕೆಂದು ನಾನು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ.

ಡಿಸೆಂಬರ್

ಕೆರೆಯಂಗಳದ ಕೆಸರಿನೊಂದಿಗೆ ಬಂದ ಬೀಜಗಳಿಂದ ಮೊಳೆತ ಒಟ್ಟೀಲಿಯಾ ಅಲಿಸ್ಮಾಯ್ಡಿಸ್ ಈಗ ತೊಟ್ಟಿಯ ಅರ್ಧವನ್ನು ಆವರಿಸಿದೆ. ಮೊದಲ ಎಲೆಗಳು ಕಿರಿದಾದ ಪಟ್ಟಿಗಳಂತಿದ್ದು ವ್ಯಾಲಿಸ್ನೇರಿಯಾದ ಸಸಿಯನ್ನೇ ಹೋಲುತ್ತಿದ್ದವು. ಆಮೇಲಿನ ಪ್ರತಿಯೊಂದು ಎಲೆಯೂ ಹಿಂದಿನದಕ್ಕಿಂತ ಅಗಲವಾಗುತ್ತ, ತೊಟ್ಟು ಪಡೆದು, ಕೊನೆಗೆ ಹೃದಯಾಕಾರಕ್ಕೆ ಬಂದಿತು. ಈಗಿನ ಎಲೆ ಅಂಗೈಗಿಂತ ಅಗಲ, ಒದ್ದೆ ಬೆಣ್ಣೆ ಕಾಗದದಷ್ಟು ತೆಳು. ಉದ್ದುದ್ದ ನರಗಳ ನಡುವಿನ ಅಡ್ಡ ನರಗಳನ್ನು ಹಿಂಬದಿಯ ದೀಪದ ಬೆಳಕಿನಲ್ಲಿ ಒಂದೊಂದಾಗಿ ಎಣಿಸಬಹುದು. ಸ್ವಲ್ಪ ಬಾಗಿದರೂ ಎಲೆ ಸೀಳುವುದರಿಂದ ಬಲಿತ ಗಿಡವನ್ನು ಕಿತ್ತು ಬೇರೆಡೆ ನೆಡುವ ಪ್ರಯತ್ನವನ್ನು ಯಾರೂ ಮಾಡಬಾರದು. ಸಸಿಯಿದ್ದಾಗಲೇ ಜಾಗ ನಿರ್ಧರಿಸಬೇಕು. ಇದೂ ಬೈಕಾರ್ಬನೇಟನ್ನು ಬಳಸಬಲ್ಲ ಗಿಡವಾದ್ದರಿಂದ ನಮ್ಮ ಗಡಸು ನೀರು ಇದಕ್ಕೆ ಒಗ್ಗಿದೆ. ಮೂರು ಎಸಳಿನ ಬೆಳ್ಳನೆಯ ಹೂ ನೀರಿನ ಮೇಲೆ ಅರಳಿತು. ಹೂವಿನ ಬುಡದ ಹೊದಿಕೆಗೆ ನೆರಿಗೆಯಂಥ ರೆಕ್ಕೆಗಳಿದ್ದುದರಿಂದ ಹೆಸರಿನ ಬಗ್ಗೆ ಸಂಶಯ ಉಳಿಯಲಿಲ್ಲ. ನನ್ನ ಮಟ್ಟಿಗೆ ಈ ಜಿಲ್ಲೆಯ ನೀರಿನಲ್ಲಿ ಇದಕ್ಕಿಂತ ಸುಂದರವಾದ ಗಿಡವಿಲ್ಲ.

ಏಪ್ರಿಲ್

ಹೊರಗೆ ನಲವತ್ತು ಡಿಗ್ರಿಯ ಬಿಸಿಲು. ನೀರಿನ ಮೇಲೆ ಫ್ಯಾನ್ ಗಾಳಿ ಹಾಯಿಸಿದರೆ ತೊಟ್ಟಿ ತಂಪಾಗುತ್ತದೆ, ಆದರೆ ನೀರು ಬೇಗ ಆವಿಯಾಗಿ ಲವಣಗಳೆಲ್ಲ ತೊಟ್ಟಿಯಲ್ಲೇ ಉಳಿಯುತ್ತವೆ. ಆ ಕೊರತೆಯನ್ನು ಬೋರ್‌ವೆಲ್ ನೀರಿನಿಂದ ತುಂಬಿದರೆ ಗಡಸುತನ ವಾರದಿಂದ ವಾರಕ್ಕೆ ಏರುವುದರಿಂದ, ಓಣಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನು ಸೇರಿಸುತ್ತಿದ್ದೇನೆ. ರೋಟಾಲಾ ಸೊರಗಿದೆ, ಅದನ್ನು ನೆರಳಿನ ಬಾನಿಗೆ, ನೀರಿನಿಂದ ಮೇಲೆ ಬೆಳೆಯುವ ರೂಪಕ್ಕೆ ಮರಳಿಸಿದ್ದೇನೆ. ಕತ್ತರಿಸಿದ ತುಂಡುಗಳನ್ನು, ಅದರಲ್ಲೂ ಎಜೀರಿಯಾದಂಥ ಹೊರನಾಡಿನ ಗಿಡದ ತುಂಡುಗಳನ್ನು, ಮಾಳಿಗೆಯ ಮೇಲೆ ಒಣಗಿಸಿ ಗೊಬ್ಬರಕ್ಕೆ ಹಾಕುತ್ತೇನೆಯೇ ಹೊರತು ಕಾಲುವೆಗೆ ಬಿಡುವುದಿಲ್ಲ.

ಒಟ್ಟೀಲಿಯಾ ಏಕವಾರ್ಷಿಕವಾದ್ದರಿಂದ ತಾಯಿಗಿಡಗಳು ಕೊಳೆತವು. ಅದರ ಕಾಯಿ ನೀರಿನೊಳಗೇ ಬಲಿತು ಒಡೆಯುವುದರಿಂದ ಅದಕ್ಕೂ ಮೊದಲೇ ತೆಳುಬಟ್ಟೆ ಕಟ್ಟಿ ಬೀಜ ಸಂಗ್ರಹಿಸಿದ್ದೆ. ಅವು ಈಗ ಹಸಿ ಕೆಸರಿನಲ್ಲಿವೆ. ಎಲೆ ತೇಲುತ್ತಿರುವ ಒಂದು ನಿಂಫಾಯ್ಡಿಸ್ ಮಾತ್ರ ಹೆಸರಿಲ್ಲದೆ ಉಳಿದಿದೆ. ಅದರ ಬಿಳಿ ಎಸಳುಗಳ ಒಳಮೈ ತುಂಬ ಕೂದಲಿದ್ದರೆ ಅದು ನಿಂಫಾಯ್ಡಿಸ್ ಇಂಡಿಕಾ; ಕೂದಲಿಲ್ಲದೆ ಎಸಳಿನ ನಡುವೆ ಉದ್ದಕ್ಕೆ ಜುಟ್ಟಿನಂಥ ಏಣು ಮಾತ್ರ ಕಂಡರೆ ನಿಂಫಾಯ್ಡಿಸ್ ಹೈಡ್ರೋಫಿಲ್ಲಾ. ಮೊಗ್ಗು ಕಾಣಿಸಿಕೊಂಡಿದೆ.