ಮಾಂಟೆವಿಡಿಯೊದಲ್ಲಿ ಗ್ರಾಫ್ ಸ್ಪೀಯ ಗೋಪುರ

ಬ್ಯೂನಸ್ ಐರಿಸ್ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ನದಿ ದಾಟಿ ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊಗೆ ಬಂದದ್ದೇ ತುಕ್ಕು ತಿಂದ ಒಂದು ಗೋಪುರಕ್ಕಾಗಿ. ಬಂದರಿನ ಬಳಿ ಇಟ್ಟಿರುವ ಅದು ಜರ್ಮನಿಯ ಯುದ್ಧನೌಕೆ ‘ಅಡ್ಮಿರಲ್ ಗ್ರಾಫ್ ಸ್ಪೀ’ಯ ದೂರಮಾಪಕ. ತೂಕ 27 ಟನ್. ನೀರಿನಿಂದ ಮೇಲೆತ್ತಿದ್ದು 2004ರಲ್ಲಿ.

ಮೊದಲು ಒಂದು ಎಚ್ಚರಿಕೆ. ಹಡಗು ಮುಳುಗಿದ ಜಾಗ ತೋರಿಸುತ್ತೇನೆಂದು ದೋಣಿಯವನೊಬ್ಬ ಮುಂಗಡವಾಗಿ ಹಣ ಕಿತ್ತುಕೊಂಡ. ಕಂಡದ್ದು ಕೆಸರುಬಣ್ಣದ ನೀರು ಮಾತ್ರ. ಆ ದುಡ್ಡು ಉಳಿಸಿಕೊಂಡು ನೇರವಾಗಿ ಬಂದರಿಗೆ ಹೋಗಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಪುರದ ಮುಂಬದಿ. ಮಂಚದ ತಂತಿಜಾಲರಿಯಂಥ ರೇಡಾರ್ ಆಂಟೆನಾ ಅಲ್ಲಿತ್ತು. 1934ರಲ್ಲಿ ಕೀಲ್ ನಗರದಲ್ಲಿ ನೌಕಾಪಡೆಯ ವಿಜ್ಞಾನಿ ರುಡಾಲ್ಫ್ ಕ್ಯೂನ್‌ಹೋಲ್ಡ್ ಹಡಗಿಗೆ ತಾಗಿ ಮರಳುವ ರೇಡಿಯೊ ಅಲೆಯ ಬೆನ್ನು ಹತ್ತಿದರು. ಅದೇ ವರ್ಷ ಹುಟ್ಟಿದ ಗೇಮಾ ಕಂಪನಿ ಆ ಕೆಲಸವನ್ನು ‘ಸೀಟಾಕ್ಟ್’ ರೇಡಾರ್ ಆಗುವವರೆಗೆ ಬೆಳೆಸಿತು. ಸುಮಾರು 80 ಸೆಂಟಿಮೀಟರ್ ಉದ್ದದ ಅಲೆಯನ್ನು ತುಣುಕು ತುಣುಕಾಗಿ ಹೊಮ್ಮಿಸಿ, ಅದು ಮರಳಲು ಹಿಡಿದ ಸಮಯದಿಂದ ದೂರ ಅಳೆಯುವ ಯಂತ್ರ ಅದು. 1939ರ ಡಿಸೆಂಬರ್ 13ರಂದು ಗ್ರಾಫ್ ಸ್ಪೀಯೊಡನೆ ಕಾದಾಡಿದ ಮೂರು ಬ್ರಿಟಿಷ್ ಕ್ರೂಸರ್ ಯುದ್ಧನೌಕೆಗಳಲ್ಲಿ ಒಂದರಲ್ಲೂ ರೇಡಾರ್ ಇರಲಿಲ್ಲ.

ನಾಲ್ಕು ದಿನಗಳ ನಂತರ ಗ್ರಾಫ್ ಸ್ಪೀಯನ್ನು ಅದರ ಕ್ಯಾಪ್ಟನ್ನನೇ ಸ್ಫೋಟಿಸಿ ಮುಳುಗಿಸಿದ. ಆದರೆ ಅಲ್ಲಿ ಆಳವೇ ಇಲ್ಲ! ಗೋಪುರ, ಆಂಟೆನಾ ಎರಡೂ ನೀರಿನ ಮೇಲೆಯೇ ಉಳಿದವು. 1940ರಲ್ಲಿ ಬ್ರಿಟಿಷ್ ತಜ್ಞ ಬೇನ್‌ಬ್ರಿಜ್-ಬೆಲ್ ಇಲ್ಲಿಗೆ ಬಂದು, ಸುಟ್ಟ ಗೋಪುರವನ್ನು ಹತ್ತಿ ನೋಡಿ, ಇದು ರೇಡಾರ್ ಎಂದು ವರದಿ ಬರೆದರು. ಆ ವರದಿ ಲಂಡನ್ನಿನಲ್ಲಿ ಬಹುಕಾಲ ಮೂಲೆಗೆ ಬಿದ್ದಿತ್ತು. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಅಷ್ಟು ಎತ್ತರದಲ್ಲಿ, ಅಷ್ಟು ಬಯಲಾಗಿ ನಿಂತಿದ್ದ ಗುಟ್ಟು ಅದು.

ಅಲ್ಲೇ ಕುಳಿತಿದ್ದ ಬಂದರಿನ ನಿವೃತ್ತ ಕೆಲಸಗಾರರೊಬ್ಬರು ತಾವಾಗಿಯೇ ಮಾತಿಗಿಳಿದರು. ಅವರ ಇಂಗ್ಲಿಷ್ ನಿಧಾನ, ನನ್ನ ಸ್ಪ್ಯಾನಿಷ್ ಅದಕ್ಕಿಂತ ನಿಧಾನ.

“ಬಂದವರೆಲ್ಲ ಆ ಹಡಗಿನ ಕಂಚಿನ ಹದ್ದು ಎಲ್ಲಿ ಎಂದು ಕೇಳುತ್ತಾರೆ. ಇದನ್ನು ಇಷ್ಟು ಹೊತ್ತು ನೋಡಿದವರು ಕಡಿಮೆ,” ಎಂದರು. ಹದ್ದಿನ ಮೇಲೆ ನನಗೂ ಒಲವಿಲ್ಲ. ನಾಜಿ ಸ್ವಸ್ತಿಕ ಹಿಡಿದ ಅಲಂಕಾರ ನೋಡಲು ಇಷ್ಟು ದೂರ ಬರಬೇಕಿರಲಿಲ್ಲ.

ಹಡಗು ಹೊತ್ತಿ ಉರಿದ ಸಂಜೆ ಅವರ ತಂದೆ ದಡದ ಜನಜಂಗುಳಿಯಲ್ಲಿದ್ದರಂತೆ. ಚಿಕ್ಕ ಹುಡುಗ; ಯಾರದೋ ಹೆಗಲೇರಿ ನೋಡಿದ್ದರಂತೆ. ಗ್ರಾಫ್ ಸ್ಪೀಯನ್ನು ಎದುರಿಸಿದ ‘ಅಕಿಲೀಸ್’ 1948ರಲ್ಲಿ ನಮ್ಮ ನೌಕಾಪಡೆಗೆ ಸೇರಿ ‘ದೆಹಲಿ’ ಎನಿಸಿಕೊಂಡಿತು ಎಂದು ನಾನು ಹೇಳಿದಾಗ ಅವರು ಎದ್ದೇ ನಿಂತರು.

“ಅದೇ ಅಕಿಲೀಸ್ ಹೌದೇ?”

“ಅದೇ. 1978ರವರೆಗೆ ನಮ್ಮಲ್ಲಿ ಸೇವೆಯಲ್ಲಿತ್ತು.”

ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಎರಡೂ ಇಸವಿಗಳನ್ನು ನನ್ನಿಂದಲೇ ಬರೆಸಿಕೊಂಡರು. ಹಡಗಿನ ಹೊಸ ಹೆಸರನ್ನು ಕನ್ನಡದಲ್ಲೂ ಬರೆಯಿರಿ ಎಂದರು. ಬರೆದುಕೊಟ್ಟೆ.