ಎರಡು ಚುಕ್ಕೆ ಕೊಟ್ಟ ಒಂಬತ್ತು ದಿನದ ದುಃಖ

ಅಂತೂ ಸಿಕ್ಕಿತು. ನಿನ್ನೆ ರಾತ್ರಿ ಹನ್ನೊಂದೂವರೆಗೆ ಎಲ್ಡನ್ ರಿಂಗ್ ಗೇಮ್ ಲಿನಕ್ಸ್‌ನಲ್ಲಿ (ವಿಂಡೋಸ್ ಥರದ್ದೇ ಇನ್ನೊಂದು ಓಎಸ್) ಮತ್ತೆ ತೆರೆಯಿತು. ಸರಿಮಾಡಲು ಬೇಕಾಗಿದ್ದು ಎರಡೇ ಎರಡು ಕಮಾಂಡ್. ಅಷ್ಟಕ್ಕೆ ಒಂಬತ್ತು ದಿನ ಹಿಡಿಯಿತು. ಹೇಗೆ ಅಂತ ಈಗಲೇ ಬರೆದಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಇದೇ ಗುಂಡಿಗೆ ನಾನೇ ಮತ್ತೆ ಬೀಳುತ್ತೇನೆ.

ಒಂದೇ ಪಿಸಿಯಲ್ಲಿ ಎರಡು ಓಎಸ್ ಕೂರಿಸುವ ಪಾರ್ಟಿಷನ್, ಗ್ರಬ್, ಸೆಕ್ಯೂರ್ ಬೂಟ್ ಕಥೆ ಬಿಟ್ಟೆ. ಅದು ನಿಮಗೆಲ್ಲ ಗೊತ್ತಿರುವುದೇ. ನನ್ನ ಪಿಸಿಯ ಪ್ರೊಸೆಸರ್ ರೈಜನ್ 5 5600, ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 6600. 500 ಜಿಬಿ ಎಸ್‌ಎಸ್‌ಡಿಯಲ್ಲಿ ಫೆಡೋರಾ ಲಿನಕ್ಸ್ ಮತ್ತು ವಿಂಡೋಸ್ 11 ಅಕ್ಕಪಕ್ಕ ಬಾಡಿಗೆಗಿವೆ. 1 ಟಿಬಿ ಎನ್‌ವಿಎಂಇ ಡಿಸ್ಕ್ ಒಂದು ಬರೀ ಗೇಮ್‌ಗೆ. ಇವತ್ತಿನ ಖಳನಾಯಕ ಅದೇ.

ಎರಡು ಓಎಸ್ ಯಾಕೆ ಅಂದರೆ, ಅಳಿಯ. ಅಕ್ಕನ ಮಗ, ಪಿಯುಸಿ ಓದುತ್ತಾನೆ, ಪಕ್ಕದ ಮನೆ, ವ್ಯಾಲರಂಟ್ ಆಡುತ್ತಾನೆ. ವ್ಯಾಲರಂಟಿನ ವ್ಯಾನ್‌ಗಾರ್ಡ್, ಅಂದರೆ ಆಟದಲ್ಲಿ ಮೋಸ ಹಿಡಿಯುವ ಆಂಟಿಚೀಟ್, ಲಿನಕ್ಸ್ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅಪೆಕ್ಸ್ ಲೆಜೆಂಡ್ಸ್ ಕೂಡ 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್‌ನವರನ್ನು ಹೊರಗೆ ಹಾಕಿತು. ಜಿಟಿಎ ಆನ್‌ಲೈನ್ ಅದಕ್ಕೂ ಒಂದೂವರೆ ತಿಂಗಳು ಮುಂಚೆ ಬ್ಯಾಟಲ್‌ಐ ಆಂಟಿಚೀಟ್ ಹಾಕಿಕೊಂಡು ಬಾಗಿಲು ಮುಚ್ಚಿತ್ತು. ನಾನು ಆಡುವುದು ಎಲ್ಡನ್ ರಿಂಗ್, ವಿಚರ್ 3, ಹೇಡೀಸ್. ವಿಂಡೋಸ್ ಗೇಮನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್‌ನಲ್ಲಿ ಇವೆಲ್ಲ ಆರಾಮಾಗಿ ನಡೆಯುತ್ತವೆ. ಕೌಂಟರ್ ಸ್ಟ್ರೈಕ್ 2ಗೆ ಲಿನಕ್ಸ್ ಆವೃತ್ತಿಯೇ ಇದೆ, ಪ್ರೋಟಾನ್ ಕೂಡ ಬೇಡ.

ಗೇಮಿಂಗ್‌ಗೆ ಯಾವ ಓಎಸ್ ಒಳ್ಳೆಯದು ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ಯಾವ ಗೇಮು? ಆಂಟಿಚೀಟ್ ಏನು ಹೇಳುತ್ತೋ ಅದೇ ಉತ್ತರ. ಎರಡು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರ) ಆಚೆ, ನಾಲ್ಕು ಎಫ್‌ಪಿಎಸ್ ಈಚೆ ಅಂತ ಗ್ರಾಫ್ ಹಾಕಿ ಜಗಳ ಆಡುವವರು ಆಡಲಿ. ನನ್ನ ಮಾನಿಟರ್ 60 ಹರ್ಟ್ಸ್, ಎಲ್ಡನ್ ರಿಂಗ್ ಹೇಗೂ 60ಕ್ಕೇ ನಿಲ್ಲುತ್ತದೆ.

ಇಷ್ಟು ಬುದ್ಧಿ ಇದ್ದವನು ಮಾಡಿದ ಪೆದ್ದು ಕೆಲಸ ಈಗ. ಒಂದೇ ಗೇಮ್ ಎರಡು ಕಡೆ ಯಾಕೆ ಇಳಿಸಬೇಕು, ಟೆರಾಬೈಟ್ ಡಿಸ್ಕನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿ ಎರಡೂ ಓಎಸ್‌ನ ಸ್ಟೀಮ್‌ಗೆ (ಗೇಮ್ ಇಳಿಸಿ ಓಡಿಸುವ ಆ್ಯಪ್) ಒಂದೇ ಲೈಬ್ರರಿ ತೋರಿಸಿದರೆ ಆಯಿತಲ್ಲ ಅಂದುಕೊಂಡೆ. ನಮ್ಮ ಹಳ್ಳಿ ಸಾಗರ ಪೇಟೆಯಿಂದ ಒಳಗೆ. ಮಳೆಗಾಲದಲ್ಲಿ ಇಂಟರ್ನೆಟ್ಟು ನಮ್ಮ ಮಣ್ಣು ರಸ್ತೆಯಷ್ಟೇ ಚುರುಕು. 50 ಜಿಬಿ ಎರಡು ಸಲ ಇಳಿಸುವುದು ಅಂದರೆ ಒಂದು ವಾರ ಹೋದಂತೆ.

ಮೊದಲ ದಿನವೇ ಡಿಸ್ಕ್ ಒಂದು ಎಚ್ಚರಿಕೆ ಕೊಟ್ಟಿತ್ತು. ಫೈಲ್ ಮ್ಯಾನೇಜರ್‌ನಲ್ಲಿ ಕ್ಲಿಕ್ ಮಾಡಿ ಮೌಂಟ್ ಮಾಡಿದರೆ, ಅಂದರೆ ಲಿನಕ್ಸ್‌ಗೆ ಜೋಡಿಸಿದರೆ, ವಿಂಡೋಸ್ ಗೇಮ್ ಒಂದೂ ಲಿನಕ್ಸ್‌ನಲ್ಲಿ ಶುರುವಾಗಲಿಲ್ಲ. ಹುಡುಕಿದಾಗ ಗೊತ್ತಾಯಿತು, ಹಾಗೆ ಮೌಂಟ್ ಮಾಡಿದಾಗ ‘ವಿಂಡೋಸ್ ನೇಮ್ಸ್’ ಎಂಬ ಆಯ್ಕೆ ತಾನಾಗೇ ಸೇರಿಕೊಳ್ಳುತ್ತದೆ. ವಿಂಡೋಸ್ ಒಪ್ಪದ ಹೆಸರಿನ ಫೈಲನ್ನು ಬರೆಯಲು ಅದು ಬಿಡುವುದಿಲ್ಲ. ಸರಿ, ಡಿಸ್ಕ್ ಜೋಡಿಸುವ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ನಾನೇ ಒಂದು ಸಾಲು ಬರೆದೆ. 2021ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ 5.15ಕ್ಕೆ ಸೇರಿದ ಎನ್‌ಟಿಎಫ್‌ಎಸ್3 ಡ್ರೈವರ್, ನನ್ನ ಯೂಸರ್ ಐಡಿ, ಆ ಆಯ್ಕೆಗೆ ಗೇಟ್‌ಪಾಸ್. ಗೇಮ್‌ಗಳು ಓಡಿದವು. ಕಾವಲುಗಾರನನ್ನು ಮನೆಗೆ ಕಳಿಸಿ, ಇನ್ನು ಗೇಟು ಸಲೀಸಾಗಿ ತೆರೆಯುತ್ತೆ ಅಂತ ಬೀಗಿದ ಹಾಗೆ.

ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಜುಲೈ ಮಳೆ ಬಂತು.

ಲಿನಕ್ಸ್‌ನಲ್ಲಿ ಗೇಮ್ ಅಪ್‌ಡೇಟ್ ಇಳಿಯುತ್ತಿತ್ತು, ಕರೆಂಟ್ ಹೋಯಿತು. ಯುಪಿಎಸ್ ಇದೆ. ಆದರೆ ಅದರ ಬ್ಯಾಟರಿ ಒಂದು ಸಲ ‘ಕೀಂ’ ಅಂದು ಪ್ರಾಣ ಬಿಟ್ಟಿತು. ಅದೇನೂ ಹಳೆಯದಲ್ಲ, ಏಪ್ರಿಲ್‌ನಲ್ಲಿ ಆನ್‌ಲೈನಿನಲ್ಲಿ ತರಿಸಿದ ‘ಹೊಸ’ ಬ್ಯಾಟರಿ. ಬಿಚ್ಚಿ ನೋಡಿದರೆ ತಯಾರಾದ ತಾರೀಕಿಗೆ ಎರಡು ವರ್ಷ ತುಂಬಿತ್ತು. ಮಾರಿದವರನ್ನು ಕೇಳಿದರೆ, ವಾಪಸ್ ಕೊಡುವ ಅವಧಿ ಮುಗಿದಿದೆ ಸರ್ ಅನ್ನುತ್ತಾರೆ. ಶಿವಮೊಗ್ಗದ ಅಂಗಡಿಯೊಂದಕ್ಕೆ 12 ವೋಲ್ಟ್ 7 ಆಂಪಿಯರ್ ಅವರ್‌ನ ಇನ್ನೊಂದು ಹೇಳಿದ್ದೇನೆ. ಫೋನ್ ಮಾಡಿದಾಗೆಲ್ಲ ‘ನಾಳೆ ಬರುತ್ತೆ’. ಹಿಂದೆ ದೆವ್ವ ಓಡಿಸೋಕೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಆ ಉಪಾಯವನ್ನು ಇವರು ಗಿರಾಕಿಗಳ ಮೇಲೆ ಹೂಡಿದ್ದಾರೆ.

ಕರೆಂಟ್ ಬಂದಮೇಲೆ ಲಿನಕ್ಸ್ ಆನ್ ಮಾಡಿದರೆ ಗೇಮ್ ಡಿಸ್ಕ್ ಮೌಂಟ್ ಆಗಲಿಲ್ಲ. ವಾಲ್ಯೂಮ್ ಡರ್ಟಿ ಆಗಿದೆ (ಸರಿಯಾಗಿ ಮುಚ್ಚಿಲ್ಲ), ಫೋರ್ಸ್ ಅನ್ನದೆ ಮುಟ್ಟುವುದಿಲ್ಲ ಅಂತ ಕರ್ನಲ್ ಹೇಳಿತು. ಥೇಟ್ ನಮ್ಮಜ್ಜಿಯ ಮಡಿ. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ವಿಂಡೋಸ್‌ಗೆ ಬೂಟ್ ಕೊಟ್ಟು, ಅದೇ ತೊಳೆದುಕೊಳ್ಳಲಿ ಅಂತ ಬಿಟ್ಟು ಊಟಕ್ಕೆ ಹೋದೆ. ಬಂದಾಗ ಲಾಗಿನ್ ಪರದೆ ಕಾಯುತ್ತಿತ್ತು. ಲಿನಕ್ಸ್‌ಗೆ ವಾಪಸ್ ಬಂದೆ, ಡಿಸ್ಕ್ ಮೌಂಟ್ ಆಯಿತು, ಮಲಗಿದೆ.

ಮರುದಿನ ಎಲ್ಡನ್ ರಿಂಗ್‌ನ ಪ್ಲೇ ಒತ್ತಿದರೆ ಬಟನ್ ಸ್ಟಾಪ್ ಆಯಿತು, ಮೂರು ಸೆಕೆಂಡ್‌ಗೆ ಮತ್ತೆ ಪ್ಲೇ ಆಯಿತು. ಅಷ್ಟೇ. ಬೈಗುಳವಾದರೂ ಬೇಕಲ್ಲ, ಒಂದು ಎರರ್ ಕೂಡ ಇಲ್ಲ. ವಿಚರ್ ಹಾಗೇ, ಹೇಡೀಸ್ ಹಾಗೇ. ಕೌಂಟರ್ ಸ್ಟ್ರೈಕ್ ಮಾತ್ರ ಓಡುತ್ತಿತ್ತು.

ಮುಂದಿನ ದಿನಗಳ ಬಗ್ಗೆ ಹೇಳಿಕೊಳ್ಳೋಕೆ ನಾಚಿಕೆ. ಕರ್ನಲ್ ಹಳೇ ಆವೃತ್ತಿಗೆ ಹಾಕಿದೆ, ಗ್ರಾಫಿಕ್ಸ್ ಡ್ರೈವರ್ ಮೆಸಾ ಹಿಂದಕ್ಕೆ ಹಾಕಿದೆ. ಪ್ರೋಟಾನ್ ಬದಲಿಸಿದೆ, ಅದರದೇ ಬೇರೆ ಆವೃತ್ತಿಯಾದ ಜಿಇ ಪ್ರೋಟಾನ್ ಹಾಕಿದೆ. ಕೊನೆಗೆ ಎಲ್ಡನ್ ರಿಂಗನ್ನೇ ತೆಗೆದು ಮತ್ತೆ ಇಳಿಸಿದೆ. ಆ 50 ಜಿಬಿಗೆ ನಾಲ್ಕು ದಿನ ಹೋಯಿತು, ಮನೆಯವರ ಸೀರಿಯಲ್ಲೂ ಹೋಯಿತು. ಗೇಮ್ ಅದೇ ಪ್ಲೇ, ಸ್ಟಾಪ್, ಪ್ಲೇ. ಯಾಕೆ ಅಂತ ಈಗ ಗೊತ್ತು. ಗೇಮ್ ಅನ್‌ಇನ್‌ಸ್ಟಾಲ್ ಮಾಡಿದರೂ ಪ್ರೋಟಾನ್ ಅದಕ್ಕೆಂದು ಕಟ್ಟಿದ ಕಂಪ್ಯಾಟ್‌ಡೇಟಾ ಫೋಲ್ಡರ್ ಅಲ್ಲೇ ಕೂತಿರುತ್ತದೆ. ಹಳೆ ಹೆಂಚಿನ ಮನೆಗೆ ಹೊಸ ಬಾಗಿಲು ಹಾಕಿ, ಸೋರೋದು ನಿಲ್ಲಲಿಲ್ಲ ಅಂತ ಅತ್ತಂತೆ.

ಎಂಟನೇ ದಿನ ಬೇಸರಕ್ಕೆ ಯಾವುದೋ ಪುಟ್ಟ ಡೆಮೊ ಇಳಿಸಿದೆ. ಅದು ಓಡಿತು! ಅಂದರೆ ಪ್ರೋಟಾನ್ ಸರಿ ಇದೆ, ಹಳೆಯ ಗೇಮ್‌ಗಳ ಪ್ರಿಫಿಕ್ಸ್‌ಗಳು (ಕಂಪ್ಯಾಟ್‌ಡೇಟಾ ಒಳಗಿನ ಸುಳ್ಳು ವಿಂಡೋಸ್) ಕೆಟ್ಟಿವೆ. ಮೊದಲ ದಿನವೇ ಹಾಕಬೇಕಿದ್ದ ಪ್ರೋಟಾನ್ ಲಾಗ್ ಆಗ ಹಾಕಿದೆ. ಕರ್ನಲ್32 ಡಿಎಲ್‌ಎಲ್ ಎಂಬ ವಿಂಡೋಸ್ ಫೈಲ್ ಲೋಡ್ ಆಗುತ್ತಿಲ್ಲ ಅಂತ ಪ್ರೋಟಾನ್ ಒಳಗಿನ ವೈನ್ ಗೋಳಿಡುತ್ತಿತ್ತು. ಫೋಲ್ಡರ್‌ಗೆ ಹೋಗಿ ನೋಡಿದರೆ ಆ ಡಿಎಲ್‌ಎಲ್ ಜಾಗದಲ್ಲೇ ಇದೆ. ಎದುರಿಗೇ ಇಟ್ಟಿದ್ದು ಅದಕ್ಕೆ ಯಾಕೆ ಕಾಣುತ್ತಿಲ್ಲ?

ವಿಂಡೋಸ್ ಏನಾದರೂ ಮಾಡಿತಾ ಅಂತ ಅದರ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆಗೆದೆ. ಡಿಸ್ಕ್ ಪರೀಕ್ಷಿಸಿ ಸರಿಮಾಡುವ ಚೆಕ್‌ಡಿಸ್ಕ್ ಓಡಿದ್ದು ಅಲ್ಲಿ ದಾಖಲಾಗಿತ್ತು, ಕರೆಂಟ್ ಹೋದ ದಿನವೇ. ಸಮಯ ಮಾತ್ರ ಮಧ್ಯಾಹ್ನ 3:45. ಕರೆಂಟ್ ಹೋಗಿದ್ದು ರಾತ್ರಿ. ಮಧ್ಯಾಹ್ನ ನಾನು ತೋಟದಲ್ಲಿ ಔಷಧಿ ಹೊಡೆಸುತ್ತಿದ್ದೆ. ಹಾಗಾದರೆ ವಿಂಡೋಸ್ ಆನ್ ಮಾಡಿದ್ದು ಯಾರು? ಅಪರಾಧಿ ಸಿಕ್ಕಿಬಿದ್ದ ಖುಷಿಯಲ್ಲಿ ಅಳಿಯನನ್ನು ಕರೆದು ವಿಚಾರಣೆ ಶುರುಮಾಡಿದೆ.

“ಮಾಮ, ಮೂರೂಮುಕ್ಕಾಲಿಗೆ ನಾನು ಕಾಲೇಜ್ ಬಸ್ಸಲ್ಲಿರ್ತೀನಿ. ನಿಮ್ ವಿಂಡೋಸ್ ಗಡಿಯಾರ ಆನ್ ಮಾಡಿದ ತಕ್ಷಣ ಯಾವಾಗ್ಲೂ ತಪ್ಪೇ ತೋರ್ಸುತ್ತೆ, ನೋಡಿಲ್ವಾ?”

ನೋಡಿರಲಿಲ್ಲ. ಮೂರೂಮುಕ್ಕಾಲಿಗೆ ಐದೂವರೆ ಗಂಟೆ ಸೇರಿಸಿ. ಒಂಬತ್ತೂಕಾಲು. ನಾನು ಊಟ ಮಾಡುತ್ತಿದ್ದ ಹೊತ್ತು.

ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಇಡುವುದು ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ. ವಿಂಡೋಸ್ ಅದನ್ನೇ ಊರಿನ ಸಮಯ ಅಂತ ಓದುತ್ತದೆ. ಇಂಟರ್ನೆಟ್‌ನಿಂದ ಸರಿಯಾದ ಸಮಯ ಸಿಗುವವರೆಗೆ ಅದು ಐದೂವರೆ ಗಂಟೆ ಹಿಂದೆ. ಚೆಕ್‌ಡಿಸ್ಕ್ ಓಡುವುದು ಅದಕ್ಕೂ ಮುಂಚೆ. ಇದನ್ನು ತಪ್ಪಿಸುವ ‘ರಿಯಲ್‌ಟೈಮ್ ಈಸ್ ಯೂನಿವರ್ಸಲ್’ ರಿಜಿಸ್ಟ್ರಿ ಕೀ ನನಗೆ ಬಾಯಿಪಾಠ. ಸಂಕ್ರಾಂತಿ ಹೊತ್ತಿಗೆ ವಿಂಡೋಸ್ ಮತ್ತೆ ಹಾಕಿದಾಗ ಮರೆತಿದ್ದೆ, ಅಷ್ಟೇ.

ಅಳಿಯ ಹೋದಮೇಲೆ ಆ ದಾಖಲೆಯ ಒಳಗೆ ಬರೆದಿದ್ದನ್ನು ಓದಿದೆ. ಸಾಲುಸಾಲಾಗಿ ಅಳಿಸಿದ ಹೆಸರುಗಳು. ಎಲ್ಲ ಎರಡಕ್ಷರದವು. ಸಿ, ಅದರ ಪಕ್ಕ ಕೋಲನ್. ಝಡ್, ಅದರ ಪಕ್ಕ ಕೋಲನ್. ಹದಿನಾಲ್ಕು ಗೇಮ್‌ಗೆ ಹದಿನಾಲ್ಕು ಜೊತೆ.

ಪ್ರತಿ ಗೇಮ್‌ಗೂ ಪ್ರೋಟಾನ್ ಒಂದು ಸುಳ್ಳು ವಿಂಡೋಸ್ ಕಟ್ಟುತ್ತದಲ್ಲ, ಅದರೊಳಗೆ ಡಾಸ್‌ಡಿವೈಸಸ್ ಅಂತ ಫೋಲ್ಡರ್. ಅದರಲ್ಲಿ ‘ಸಿ ಕೋಲನ್’ ಹೆಸರಿನ ಸಿಮ್‌ಲಿಂಕ್ (ಬೇರೆ ಜಾಗಕ್ಕೆ ದಾರಿ ತೋರಿಸುವ ಫೈಲ್) ಡ್ರೈವ್ ಸಿ ಫೋಲ್ಡರ್‌ಗೆ, ‘ಝಡ್ ಕೋಲನ್’ ಇಡೀ ಲಿನಕ್ಸ್ ರೂಟ್‌ಗೆ. ಲಿನಕ್ಸ್‌ಗೆ ಫೈಲ್ ಹೆಸರಲ್ಲಿ ಕೋಲನ್ ಇದ್ದರೆ ಏನೂ ಇಲ್ಲ. ಎನ್‌ಟಿಎಫ್‌ಎಸ್ ಕೂಡ ಸುಮ್ನೆ ಬರೆದಿಡುತ್ತದೆ. ವಿಂಡೋಸ್‌ಗೆ ಮಾತ್ರ ಅದು ನಿಷಿದ್ಧ. ಚೆಕ್‌ಡಿಸ್ಕ್ ಬಂತು, ಇಂಥ ಹೆಸರು ಇರೋಕೇ ಸಾಧ್ಯವಿಲ್ಲ, ಡಿಸ್ಕ್ ಕೆಟ್ಟಿರಬೇಕು ಅಂತ ತೀರ್ಮಾನಿಸಿ ಗುಡಿಸಿತು. ಸಿ ಡ್ರೈವ್ ಇಲ್ಲದ ಮೇಲೆ ವೈನ್‌ಗೆ ಡಿಎಲ್‌ಎಲ್ ಎಲ್ಲಿಂದ ಸಿಗಬೇಕು? ಮನೆ ಅಲ್ಲೇ ಇತ್ತು, ದಾರಿ ಅಳಿಸಿಹೋಗಿತ್ತು. ಚೆಕ್‌ಡಿಸ್ಕ್ ಮೇಲೆ ಸಿಟ್ಟಿಲ್ಲ. ಅದು ಅದರ ಕೆಲಸ ಮಾಡಿತು. ಗೇಟಿನಲ್ಲಿ ನಿಂತು ‘ಈ ಹೆಸರು ಬೇಡ’ ಅಂದವನನ್ನು ಮನೆಗೆ ಕಳಿಸಿದ್ದು ನಾನು.

ಕೋಲನ್ ನೋಡೋಕೆ ನಮ್ಮ ವಿಸರ್ಗದ ಹಾಗೇ ಇದೆ. ದುಃಖದ ಮಧ್ಯೆ ಕೂತಿರುವುದೂ ಅದೇ ಎರಡು ಚುಕ್ಕೆ.

ಎರಡು ಸಿಮ್‌ಲಿಂಕ್ ಕಮಾಂಡನ್ನು ಲೂಪ್‌ನಲ್ಲಿ ಹಾಕಿ ಹದಿನಾಲ್ಕೂ ಫೋಲ್ಡರ್ ಮೇಲೆ ಓಡಿಸಿದೆ. ಸ್ಟೀಮ್‌ನ 1245620 ನಂಬರಿನ ಫೋಲ್ಡರ್, ಅಂದರೆ ಎಲ್ಡನ್ ರಿಂಗ್, ಮೊದಲ ಏಟಿಗೇ ತೆರೆಯಿತು. ಸೇವ್‌ಗಳೂ ಭದ್ರ.

ಕಂಪ್ಯಾಟ್‌ಡೇಟಾವನ್ನು ಲಿನಕ್ಸ್ ಪಾರ್ಟಿಷನ್‌ನಲ್ಲಿಟ್ಟು, ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಬರೀ ಸಿಮ್‌ಲಿಂಕ್ ಇಡಿ ಅಂತ ಪ್ರೋಟಾನ್‌ನ ವಿಕಿಯಲ್ಲೇ ಇದೆ. ಹಾಗೇ ಮಾಡಿ ನಿಲ್ಲಿಸಬಹುದಿತ್ತು. ಆದರೆ ಎರಡೂ ಕಡೆ ನಿಜವಾಗಿ ಆಡಿದ ಗೇಮ್ ಎಷ್ಟು ಅಂತ ಎಣಿಸಿದೆ. ಸೊನ್ನೆ! ಅಳಿಯನದು ವಿಂಡೋಸ್‌ನಲ್ಲೇ, ನನ್ನದು ಲಿನಕ್ಸ್‌ನಲ್ಲೇ. ಯಾರೂ ಹಂಚಿಕೊಳ್ಳದ ಡಿಸ್ಕನ್ನು ಹಂಚಿಕೊಳ್ಳೋಕೆ ಇಷ್ಟೆಲ್ಲ.

ಹಾಗಾಗಿ ಪಾಲು ಮಾಡಿದೆ. 1 ಟಿಬಿ ಡಿಸ್ಕನ್ನು ಕಂಪ್ಯೂಟರ್ ಎಣಿಸುವುದು 931 ಜಿಬಿ, ಅದರಲ್ಲಿ 700 ನನ್ನ ಲಿನಕ್ಸ್ ಫಾರ್ಮ್ಯಾಟ್ ಇಎಕ್ಸ್‌ಟಿ4ಗೆ, 231 ಅಳಿಯನ ಎನ್‌ಟಿಎಫ್‌ಎಸ್‌ಗೆ. ಲಿನಕ್ಸ್‌ನಲ್ಲಿ ಅವನ ಪಾಲನ್ನು ಮೌಂಟ್ ಕೂಡ ಮಾಡುವುದಿಲ್ಲ. ಆನ್ ಮಾಡಿದಾಗ ಯಾವ ಓಎಸ್ ಅಂತ ಕೇಳುವ ಗ್ರಬ್‌ನಲ್ಲಿ ಫೆಡೋರಾ ಮೊದಲು. ರಿಜಿಸ್ಟ್ರಿ ಕೀ ಹಾಕಿಯಾಯಿತು, ಗಡಿಯಾರ ಸರಿಯಿದೆ.

ಈ ಗಲಾಟೆಯಲ್ಲಿ ಅಟ್ಟದ ಮೇಲಿನ ಅಪ್ಪನ ಹಳೇ ಪಿಸಿ ನೆನಪಾಯಿತು. ಐ5 6500. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಆರನೇ ತಲೆಮಾರಿನ ಐ5ಅನ್ನು ಒಪ್ಪುವುದಿಲ್ಲ. ಅಲ್ಲಿ ಓಎಸ್ ಆರಿಸುವ ತಲೆನೋವೇ ಇಲ್ಲ. ಒಂದು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ಸಿಕ್ಕರೆ ಗೇಮಿಂಗ್ ಲಿನಕ್ಸ್ ಆದ ಬ್ಯಾಝೈಟ್ ಹಾಕಿ ಟಿವಿ ಕೆಳಗೆ ಕೂರಿಸುವ ಯೋಚನೆ. ಒಂದೇ ಡಿಸ್ಕ್, ಒಂದೇ ಓಎಸ್. ಮೊದಲು ಅದರೊಳಗೆ ಗೂಡು ಕಟ್ಟಿರುವ ಜಿರಳೆಗಳನ್ನು ಒಕ್ಕಲೆಬ್ಬಿಸಬೇಕು.

ಅಳಿಯನಿಗೆ ಕ್ಷಮೆ ಕೇಳಿದೆ. 231 ಜಿಬಿ ಸಾಲಲ್ಲ, 300 ಮಾಡಿ ಅನ್ನುತ್ತಿದ್ದಾನೆ. ನಾಳೆ ನೋಡೋಣ ಅಂದಿದ್ದೇನೆ.