ವಿಕಟಕವಿಯನ್ನು ಒಪ್ಪದ ಕಂಪ್ಯೂಟರ್

ಎಂಟನೇ ತರಗತಿಯ ಮುನಿರಾಜು ಪರದೆಯ ಮೇಲೆ ಬೆರಳಿಟ್ಟು, "ಮಿಸ್, ಇದು ಸುಳ್ಳು ಹೇಳುತ್ತಿದೆ" ಎಂದ.

ಪರದೆಯಲ್ಲಿ ಎರಡೇ ಸಾಲುಗಳಿದ್ದವು. ಗದಗ: ಹೌದು. ವಿಕಟಕವಿ: ಅಲ್ಲ.

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಪದಕ್ಕೆ ನಮ್ಮ ತರಗತಿಯಲ್ಲಿ ಕನ್ನಡಿ ಪದ ಎನ್ನುತ್ತೇವೆ. ಕೊಟ್ಟ ಪದ ಕನ್ನಡಿ ಪದವೋ ಅಲ್ಲವೋ ಎಂದು ಹೇಳುವ ಪ್ರೋಗ್ರಾಮನ್ನು ಮಕ್ಕಳು ಆ ಶನಿವಾರ ಕಂಪ್ಯೂಟರ್ ಭಾಷೆಯಾದ ಪೈಥಾನ್‌ನಲ್ಲಿ ಬರೆದಿದ್ದರು. ಪದವನ್ನು ತಿರುಗಿಸು, ಮೊದಲಿನದರೊಂದಿಗೆ ಹೋಲಿಸು, ಎರಡೂ ಒಂದೇ ಆದರೆ ಹೌದು ಎನ್ನು. ಇಷ್ಟೇ. ಪೈಥಾನ್ ಕನ್ನಡದ ಹೆಸರುಗಳನ್ನು ಒಪ್ಪಿಕೊಳ್ಳುವುದರಿಂದ ಪ್ರೋಗ್ರಾಮಿನೊಳಗೆ ಪದಗಳನ್ನು ಇಟ್ಟುಕೊಳ್ಳುವ ಡಬ್ಬಿಗಳಿಗೆ 'ಪದ', 'ತಿರುಗಿಸಿದ್ದು' ಎಂದೇ ಹೆಸರಿಟ್ಟಿದ್ದೆವು. ನಾಲ್ಕೈದು ಸಾಲಿನ ಆ ಪ್ರೋಗ್ರಾಮಿನಲ್ಲಿ ಎಲ್ಲಿ ತಪ್ಪಾಗಿದೆ ಎಂದು ನನಗೂ ತಕ್ಷಣ ಹೊಳೆಯಲಿಲ್ಲ.

ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರವಿರುವ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಇಷ್ಟವಿದ್ದ ಮಕ್ಕಳನ್ನು ಕಂಪ್ಯೂಟರ್ ಕೊಠಡಿಯಲ್ಲಿ ಒಂದೂವರೆ ಗಂಟೆ ಕೂರಿಸಿಕೊಳ್ಳುತ್ತೇನೆ. ಸರಿಯಾಗಿ ನಡೆಯುವ ಕಂಪ್ಯೂಟರ್‌ಗಳು ಏಳು, ಮಕ್ಕಳು ಹತ್ತೊಂಬತ್ತು. ಟೊಮೆಟೊ ಕೀಳುವ ದಿನಗಳಲ್ಲಿ ಅವರಲ್ಲಿ ಅರ್ಧದಷ್ಟು ಮಂದಿ ತೋಟದಲ್ಲಿರುತ್ತಾರೆ. ಹೆಚ್ಚಿನವರ ಮನೆಮಾತು ತೆಲುಗು, ಕೆಲವರದು ಉರ್ದು, ಓದುಬರಹವೆಲ್ಲ ಕನ್ನಡ.

ಮೊದಲ ವರ್ಷ ನಾನು ಬೇರೆ ದಾರಿ ಹಿಡಿದಿದ್ದೆ. ಸಿದ್ಧ ಪಾಠಗಳನ್ನು ತಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಮಕ್ಕಳು ನೋಟ್ಸ್ ಬರೆದುಕೊಳ್ಳುವ ಹಾಗೆಯೇ ಅದನ್ನು ಟೈಪ್ ಮಾಡುತ್ತಿದ್ದರು. ಉತ್ತರ ಬಂದರೆ ಖುಷಿ, ಬಾರದಿದ್ದರೆ "ಮಿಸ್, ಬರುತ್ತಿಲ್ಲ" ಎಂದು ಕೈಕಟ್ಟಿ ಕೂರುವುದು. ಇಡೀ ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕಂಪ್ಯೂಟರ್ ಕೊಟ್ಟ ಉತ್ತರವನ್ನು ಅನುಮಾನಿಸಲಿಲ್ಲ. ತ್ರಿಭುಜದ ವಿಸ್ತೀರ್ಣ ಋಣಸಂಖ್ಯೆಯಾಗಿ ಬಂದರೂ ಅದನ್ನೇ ಪುಸ್ತಕಕ್ಕೆ ಇಳಿಸಿಕೊಂಡರು.

ಆ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ದುಬಾರಿ ಶುಲ್ಕ ತೆತ್ತು ಕೋಡಿಂಗ್ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದ ಹುಡುಗ. ಬಲೂನು ಒಡೆಯುವ ಆಟವೊಂದನ್ನು ನನಗೆ ಮಾಡಿ ತೋರಿಸಿದ, ನೋಡಲು ಚೆನ್ನಾಗಿಯೇ ಇತ್ತು. "ಬಲೂನು ಮೇಲಿನಿಂದ ಕೆಳಗೆ ಬರುವಂತೆ ಮಾಡಪ್ಪ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾಠದ ವಿಡಿಯೊವನ್ನು ಮೊದಲಿನಿಂದ ಹಾಕಿದ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಎಳೆಯ ಹುಡುಗನಿಗೆ ಅಷ್ಟೇ ಕಲಿಸಿ ಕೈಗೆ ಪ್ರಮಾಣಪತ್ರ ಕೊಟ್ಟು ಕಳುಹಿಸಿದವರ ಮೇಲೆ ಇವತ್ತಿಗೂ ಸಿಟ್ಟಿದೆ.

ಯಂತ್ರ ತಪ್ಪು ಮಾಡಿದೆ ಎಂದು ಹೇಳಬೇಕಾದರೆ, ಆ ವಿಷಯ ಯಂತ್ರಕ್ಕಿಂತ ನಮಗೆ ಚೆನ್ನಾಗಿ ಗೊತ್ತಿರಬೇಕು. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ವಾಲಿ ಫರ್ಝೈಗ್, ಸಿಂಥಿಯಾ ಸಾಲಮನ್ ಅವರು ಮಕ್ಕಳಿಗೆಂದೇ ಲೋಗೊ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಅದರಲ್ಲಿ ಆಮೆಯೊಂದು ಮಗು ಹೇಳಿದಂತೆ ನಡೆದು ಗೆರೆ ಎಳೆಯುತ್ತದೆ. ಆಮೆ ಎಲ್ಲಿ ತಪ್ಪಿತು ಎಂದು ತಿಳಿಯಲು ಮಗು ಎದ್ದು ತಾನೇ ಆ ಹೆಜ್ಜೆಗಳನ್ನು ನಡೆದು ನೋಡಬಹುದು, ಏಕೆಂದರೆ ನಡಿಗೆ ಮಗುವಿಗೆ ಗೊತ್ತಿರುವ ವಿದ್ಯೆ. ಪ್ಯಾಪರ್ಟ್ ಇದಕ್ಕೆ ಬಹಳ ಬೆಲೆ ಕೊಟ್ಟಿದ್ದರು. ನನ್ನ ಮಕ್ಕಳಿಗೆ ಹಾಗೆ ಗೊತ್ತಿರುವುದು ಯಾವುದು ಎಂದು ಯೋಚಿಸಿದಾಗ ಸಿಕ್ಕಿದ್ದು ಕಾಗುಣಿತ. ಒಂದನೇ ತರಗತಿಯಿಂದ ತಿದ್ದಿ ತಿದ್ದಿ ಬೆರಳಿಗೇ ಇಳಿದಿರುವ ವಿದ್ಯೆ ಅದು. ಹಾಗಾಗಿ ಎರಡನೇ ವರ್ಷ ಆಟ, ಬಲೂನು ಎಲ್ಲವನ್ನೂ ಬಿಟ್ಟು ಪದಗಳನ್ನು ಹಿಡಿದುಕೊಂಡೆವು.

ಈಗ ಮುನಿರಾಜುವಿನ ದೂರಿಗೆ ಬರುತ್ತೇನೆ.

ಬೋರ್ಡಿನ ಮೇಲೆ ಎರಡು ಕಲಂ ಎಳೆದು, ಯಂತ್ರ ಹೌದು ಎಂದ ಪದಗಳು ಒಂದು ಕಡೆ, ಅಲ್ಲ ಎಂದವು ಇನ್ನೊಂದು ಕಡೆ ಎಂದು ಬರೆಯತೊಡಗಿದೆವು. ಗದಗ, ಕನಕ, ಜಲಜ, ನಯನ, ಸರಸ ಒಂದು ಕಡೆಗೆ ಬಂದವು. ವಿಕಟಕವಿ ಇನ್ನೊಂದು ಕಡೆಗೆ. ಯಾರೋ 'ಕುಬೇರನಿಗೇನಿರಬೇಕು' ಎಂಬುದನ್ನು ನೆನಪಿಸಿದರು, ಅದೂ ಅಲ್ಲಿಗೇ ಹೋಯಿತು. "ಪದ ಉದ್ದವಾದರೆ ಅದಕ್ಕೆ ಆಗುವುದಿಲ್ಲ" ಎಂದ ಮುನಿರಾಜು. ಎಲ್ಲರೂ ತಲೆಯಾಡಿಸಿದರು. ಆಯಿಷಾ ಮಾತ್ರ ಏನೂ ಹೇಳದೆ 'ಕಿಟಕಿ' ಎಂದು ಟೈಪ್ ಮಾಡಿದಳು. ಗದಗದಷ್ಟೇ ಚಿಕ್ಕದು, ಮೂರೇ ಅಕ್ಷರ. ಯಂತ್ರ ಅಲ್ಲ ಎಂದಿತು. ಮುನಿರಾಜುವಿನ ವಾದ ಅಲ್ಲಿಗೆ ಬಿದ್ದುಹೋಯಿತು.

ನಾನು ಆ ಕ್ಷಣವನ್ನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತೇನೆ. ಒಂದು ಊಹೆಯನ್ನು ಬೀಳಿಸಲು ಬೇಕಾದ ಅತಿ ಚಿಕ್ಕ ಉದಾಹರಣೆ ಯಾವುದು ಎಂದು ಆ ಹುಡುಗಿ ಹುಡುಕಿದ್ದಳು. ಅದನ್ನು ನಾನು ಕಲಿಸಿರಲಿಲ್ಲ.

ಮುಂದಿನ ಊಹೆ, ಗುಡಿಸು ಇದ್ದರೆ ತೊಂದರೆ ಎಂಬುದು. ಅದಕ್ಕೆ 'ಕುಟುಕು' ಅಡ್ಡ ಬಂದಿತು. ಅದರಲ್ಲಿ ಗುಡಿಸಿಲ್ಲ, ಇರುವುದು ಕೊಂಬು. ಅದೂ ಅಲ್ಲ ಎಂದಿತು. ಹಾಗಾದರೆ ಕಾಗುಣಿತದ್ದೇ ತೊಂದರೆ ಎಂಬಲ್ಲಿಗೆ ಎಲ್ಲರೂ ಬಂದರು. ಏಕೆ ಎಂಬುದು ಉಳಿಯಿತು.

ಪದದ ಉದ್ದ ಎಷ್ಟು ಎಂದು ಪೈಥಾನನ್ನು ಕೇಳಬಹುದು. ನಮ್ಮ ಊರನ್ನೇ ಕೊಟ್ಟೆವು. ಮುಳಬಾಗಿಲು: ಮಕ್ಕಳ ಬೆರಳಲ್ಲಿ ಐದು, ಯಂತ್ರದ ಲೆಕ್ಕದಲ್ಲಿ 9. ಕನ್ನಡ: ಮಕ್ಕಳಿಗೆ ಮೂರು, ಯಂತ್ರಕ್ಕೆ 5. ಭವ್ಯ ಕೀಲಿಮಣೆಯನ್ನೇ ನೋಡುತ್ತಾ ಕುಳಿತಿದ್ದಳು. 'ನುಡಿ' ಎಂಬ ಕೀಲಿಮಣೆ ವಿನ್ಯಾಸದಲ್ಲಿ 'ಕನ್ನಡ' ಬರೆಯಲು ಕ ಒತ್ತಬೇಕು, ನ ಒತ್ತಬೇಕು, ಒತ್ತಕ್ಷರಕ್ಕಾಗಿ ಎಫ್ ಕೀ, ಮತ್ತೊಂದು ನ, ಕೊನೆಗೆ ಡ. ಅವಳು ನಿಧಾನವಾಗಿ ಒತ್ತುತ್ತಾ ಎಣಿಸಿದಳು. ಆಮೇಲೆ ಮುಳಬಾಗಿಲನ್ನು ಎಣಿಸಿದಳು. "ಮಿಸ್, ಇದು ಅಕ್ಷರ ಎಣಿಸುತ್ತಿಲ್ಲ, ನಾವು ಎಷ್ಟು ಕೀ ಒತ್ತಿದೆವು ಎಂದು ಎಣಿಸುತ್ತಿದೆ."

ಪೂರ್ತಿ ಸರಿಯಾದ ವಿವರಣೆ ಅದಲ್ಲ, ಆದರೆ ಬಾಗಿಲು ತೆರೆದದ್ದು ಅದೇ. ಕಂಪ್ಯೂಟರಿನಲ್ಲಿ ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ, 1991ರ ಮೊದಲ ಆವೃತ್ತಿಯಿಂದಲೂ, ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ಕ ಎಂದರೆ 3221. ಗುಡಿಸಿಗೆ ಬೇರೆಯದೇ ಮನೆ, 3263. 'ಕಿ' ಎಂಬುದಕ್ಕೆ ಸ್ವಂತ ಮನೆಯಿಲ್ಲ, ಅದು ಈ ಎರಡು ಸಂಖ್ಯೆಗಳ ಜೋಡಿ. ವಿಕಟಕವಿಯನ್ನು ಸಂಖ್ಯೆಗಳಾಗಿ ಬಿಡಿಸಿ ಬೋರ್ಡಿನ ಮೇಲೆ ಬರೆದೆವು: 3253, 3263, 3221, 3231, 3221, 3253, 3263. ಇದನ್ನು ಬಲದಿಂದ ಓದಿದರೆ ಮೊದಲು ಬರುವುದು 3263, ಅಂದರೆ ಗುಡಿಸು.

ಏಳು ಮಕ್ಕಳನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿದೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಚೀಟಿ: ವ, ಗುಡಿಸು, ಕ, ಟ, ಕ, ವ, ಗುಡಿಸು. ಗುಡಿಸು ಹಿಡಿದವರು ತಮಗಿಂತ ಮುಂದಿರುವವರ ಭುಜ ಹಿಡಿಯಬೇಕೆಂಬುದು ನಿಯಮ. ಹಾಗೆ ನಿಂತಾಗ ವಿಕಟಕವಿ ಸರಿಯಾಗಿಯೇ ಇತ್ತು. ಸಾಲನ್ನು ತಿರುಗಿಸಿದೆ. ಕೊನೆಯಲ್ಲಿದ್ದ ಗುಡಿಸು ಈಗ ಎಲ್ಲರಿಗಿಂತ ಮುಂದೆ ಬಂದು ನಿಂತಿತು. ಆ ಹುಡುಗಿ ಕೈ ಚಾಚಿ, "ಹಿಡಿದುಕೊಳ್ಳಲು ನನಗೆ ಯಾರೂ ಇಲ್ಲ ಮಿಸ್" ಎಂದಳು. ಇನ್ನೊಂದು ಗುಡಿಸು ವ ಬಿಟ್ಟು ಕ ಭುಜದ ಮೇಲೆ ಕೈಯಿಟ್ಟಿತ್ತು. ಒಳಗೆ ಓಡಿಹೋಗಿ ಯಂತ್ರದಲ್ಲಿ ತಿರುಗಿಸಿ ನೋಡಿದರೆ ಅಲ್ಲಿಯೂ ಅದೇ ಚಿತ್ರ: ಮೊದಲಿಗೆ ಚುಕ್ಕೆಗಳ ಪುಟ್ಟ ವೃತ್ತದ ಮೇಲೆ ಒಂಟಿ ಗುಡಿಸು, ಆಮೇಲೆ ವಕಟಕಿವ.

ಪರಿಹಾರವನ್ನು ಮಕ್ಕಳೇ ಹೇಳಿದರು. ತಿರುಗಿಸುವ ಮೊದಲು ಪದವನ್ನು ತುಂಡು ಮಾಡಬೇಕು. ಗುಡಿಸು, ಕೊಂಬು, ಇಳಿ, ಸೊನ್ನೆ ಏನೇ ಬಂದರೂ ಅದನ್ನು ಹಿಂದಿನ ತುಂಡಿಗೆ ಅಂಟಿಸಬೇಕು. ಆಮೇಲೆ ತುಂಡುಗಳನ್ನು ತಿರುಗಿಸಬೇಕು. ಅದನ್ನು ಬರೆಯಲು ಇನ್ನೊಂದು ಶನಿವಾರ ಬೇಕಾಯಿತು. ಕಿಟಕಿ, ಕುಟುಕು, ವಿಕಟಕವಿ, ಕುಬೇರನೂ ಪಾಸಾದ. ಮಕ್ಕಳು ಚಪ್ಪಾಳೆ ತಟ್ಟುತ್ತಿರುವಾಗಲೇ ನಾನು 'ಮದ್ರಾಸಿನ ಸಿದ್ರಾಮ' ಎಂದು ಬೋರ್ಡಿನ ಮೇಲೆ ಬರೆದೆ. ನಡುವಿನ ಜಾಗವನ್ನು ಮೊದಲೇ ತೆಗೆದುಹಾಕುವ ಸಾಲೊಂದನ್ನು ಸೇರಿಸಿ ಓಡಿಸಿದರು. ಅಲ್ಲ ಎಂದಿತು. ದ್ರಾ ಎಂಬ ಒಂದು ಅಕ್ಷರ ದ್ ಮತ್ತು ರಾ ಎಂದು ಎರಡು ತುಂಡಾಗಿ, ತಿರುಗಿಸಿದಾಗ ರಾ ಮೊದಲು, ದ್ ಆಮೇಲೆ ಬಂದಿದ್ದವು. ಹಾಗಾಗಿ ಎರಡನೇ ನಿಯಮ ಹುಟ್ಟಿತು: ಹಿಂದಿನ ತುಂಡು ಅರ್ಧಾಕ್ಷರದಲ್ಲಿ ಮುಗಿದಿದ್ದರೆ ಈಗ ಬಂದ ಅಕ್ಷರವನ್ನೂ ಅದಕ್ಕೇ ಅಂಟಿಸು. ಇದನ್ನು ಹೇಳಿದವನು ವ್ಯಾಕರಣದ ತರಗತಿಯಲ್ಲಿ ಸಂಯುಕ್ತಾಕ್ಷರ ಎಂದರೆ ಮುಖ ಹಿಂಡುವ ಹುಡುಗ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ಕೋಡಿಂಗ್ ಚಟುವಟಿಕೆ ಇರಲಿ ಎನ್ನುತ್ತದೆ. ಅಂದಿನಿಂದ ಪೋಷಕರು ಯಾವ ಕೋರ್ಸ್ ಸೇರಿಸಬೇಕು, ಯಾವ ಭಾಷೆ ಕಲಿಸಬೇಕು ಎಂದು ನನ್ನನ್ನು ಕೇಳುತ್ತಾರೆ. ನಿಮ್ಮ ಮಗುವಿಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿರುವುದು ಯಾವುದು ಎಂದು ನಾನು ತಿರುಗಿ ಕೇಳುತ್ತೇನೆ. ಒಬ್ಬ ತಂದೆ, "ಅವನಿಗೆ ಟೊಮೆಟೊ ಬಾಕ್ಸ್ ಲೆಕ್ಕ ಬಿಟ್ಟರೆ ಏನೂ ಬರುವುದಿಲ್ಲ ಮೇಡಂ" ಎಂದರು. ಅದಕ್ಕಿಂತ ಒಳ್ಳೆಯ ಆರಂಭ ಬೇರೆಲ್ಲಿದೆ?

ಭವ್ಯಳ ಅವ್ವನ ವಿಷಯವನ್ನು ಹೇಳಲೇಬೇಕು. ಇಲ್ಲಿ ಅವ್ವ ಎಂದರೆ ಅಜ್ಜಿ. ಅವರು ಪುಂಗನೂರು ಕಡೆಯವರು, ಓದಲು ಬರುವುದು ತೆಲುಗು ಮಾತ್ರ. ಭವ್ಯಳಿಗೆ ತೆಲುಗು ಮಾತು ಬರುತ್ತದೆ, ಲಿಪಿ ಬಾರದು. ಬೋರ್ಡಿನ ಮೇಲಿನ ಸಂಖ್ಯೆಗಳನ್ನು ನೋಡಿ, ತೆಲುಗಿಗೂ ಹೀಗೆ ಮನೆಗಳಿವೆಯೇ ಎಂದು ಕೇಳಿದಳು. ಇವೆ, ಕನ್ನಡದ ಮನೆಗಳ ಪಕ್ಕದಲ್ಲೇ, 3072ರಿಂದ 3199ರವರೆಗೆ. ತೆಲುಗಿನ ಕ 3093. ಕನ್ನಡದ್ದು 3221. ಕಳೆದು ನೋಡಿದಳು, 128. ತೆಲುಗಿನ ವ 3125, ಕನ್ನಡದ್ದು 3253, ಮತ್ತೆ 128. ಎರಡೂ ಲಿಪಿಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿರುವುದರಿಂದ ಹೆಚ್ಚುಕಡಿಮೆ ಎಲ್ಲ ಅಕ್ಷರಗಳಿಗೂ ಇದೇ ಅಂತರ. ಅವಳು ಕನ್ನಡ ಲಿಪಿಯಲ್ಲಿ 'ಅವ್ವಾ ಬಾಗುನ್ನಾವಾ' (ಅವ್ವಾ, ಚೆನ್ನಾಗಿದ್ದೀಯಾ) ಎಂದು ಬರೆದು, ಪ್ರತಿ ಸಂಖ್ಯೆಯಿಂದ 128 ಕಳೆಯುವ ಪ್ರೋಗ್ರಾಮಿಗೆ ಕೊಟ್ಟಳು. ಅದು ಮೊದಲ ಪದದ ನಂತರ ಮುಗ್ಗರಿಸಿ ನಿಂತಿತು. ಎರಡು ಪದಗಳ ನಡುವಿನ ಖಾಲಿ ಜಾಗಕ್ಕೂ 32 ಎಂಬ ಸಂಖ್ಯೆಯಿದೆ, 32ರಿಂದ 128 ಕಳೆದರೆ ಸಿಗುವ ಮನೆ ಯಾವ ಲಿಪಿಯಲ್ಲೂ ಇಲ್ಲ. 3200ಕ್ಕಿಂತ ಚಿಕ್ಕದಾದರೆ ಮುಟ್ಟಬೇಡ ಎಂಬ ಸಾಲನ್ನು ಸೇರಿಸಿದ ಮೇಲೆ ಪರದೆಯಲ್ಲಿ ತೆಲುಗು ಮೂಡಿತು. ಅದನ್ನು ಓದಲಾರದ ಭವ್ಯ, "ಸರಿಯಾಗಿದೆಯಾ ಮಿಸ್?" ಎಂದು ಕೇಳಿದಳು. ನನಗೆ ಓದಲು ಬರುತ್ತದೆ, ಆದರೂ ಹೇಳಲಿಲ್ಲ. ಕಚೇರಿಯ ಪ್ರಿಂಟರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ತೆಗೆಸಿಕೊಟ್ಟು, ಮನೆಯಲ್ಲಿ ಕೇಳು ಎಂದೆ. ಸೋಮವಾರ ಬಂದು, ಅವ್ವ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಬಾಗುನ್ನಾನು" ಎಂದು ಉತ್ತರ ಕೊಟ್ಟರು ಎಂದಳು. ಆ ಕಾಗದ ಈಗ ಅವರ ಮನೆಯ ಕ್ಯಾಲೆಂಡರಿನ ಹಿಂದೆ ಇದೆಯಂತೆ.

ಕಳೆದ ಶನಿವಾರ ಮುನಿರಾಜು ಮತ್ತೆ ದೂರು ತಂದ. ಕನ್ನಡಿ ಪದಗಳನ್ನು ಬಿಟ್ಟು, ಕಣ್ಣಿಗೆ ಬಿದ್ದ ಬೋರ್ಡುಗಳ ಬರಹವನ್ನೆಲ್ಲ ತುಂಡು ಮಾಡಿಸಿ ನೋಡುತ್ತಿದ್ದಾನೆ. 'ಬಸ್ ನಿಲ್ದಾಣ' ಎಂದು ಕೊಟ್ಟರೆ ಬ, ಸ್ನಿ, ಲ್ದಾ, ಣ ಎಂದು ಬರುತ್ತಿದೆ. ಸ್ನಿ ಎಲ್ಲಿಂದ ಬಂತು? ನಾನು ಬಾಯಿ ತೆರೆಯುವಷ್ಟರಲ್ಲಿ, "ನೀವು ಹೇಳಬೇಡಿ ಮಿಸ್" ಎಂದ. ಕರೆಂಟು ಹೋಯಿತು, ಕೊಠಡಿಗೆ ಬೀಗ ಹಾಕಿದೆವು. ಅವನು ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚುತ್ತಿದ್ದ. ಬಸ್ಸು ಬಂದಾಗ ಹತ್ತುವ ಮೊದಲು ಕೂಗಿ ಹೇಳಿದ, "ಜಾಗವನ್ನು ಮೊದಲೇ ತೆಗೆಯಬಾರದಾಗಿತ್ತು ಮಿಸ್! ತುಂಡು ಮಾಡಿದ ಮೇಲೆ ತೆಗೆಯಬೇಕು!"

ಬೆಂಚಿನ ಹತ್ತಿರ ಹೋಗಿ ನೋಡಿದೆ. ಸ್ ಮತ್ತು ನಿ ನಡುವೆ ಒಂದು ಚೌಕ ಬರೆದು, ಅದರೊಳಗೆ 32 ಎಂದು ತುಂಬಿದ್ದ.